ಕೆರೆ ಬಡಾವಣೆಯೋ ಗುಡ್ಡದ ಬಡಾವಣೆಯೋ

ಚಳಿ ಕಾಲಿಟ್ಟು ಹಸಿ ಬಟಾಣಿ ರಾಶಿ ಬೀಳತೊಡಗಿದ ದಿನಗಳು. ಬಸ್ ನಿಲ್ದಾಣದ ಕಟ್ಟೆಯ ಮೇಲೆ ಕೂತು ಕಾಯಿ ಸುಲಿಯುತ್ತಿದ್ದ ತರಕಾರಿಯವಳ ಪಕ್ಕದಲ್ಲೇ ಅಕ್ಕತಂಗಿಯರಿಬ್ಬರು ಜಗಳಕ್ಕೆ ನಿಂತರು. ಕಿವಿ ಮುಚ್ಚಿಕೊಳ್ಳಲಾದೀತೆ? ತಾಯಿಗೆ ಅರವತ್ತು ತುಂಬುವ ದಿನ ಎಲ್ಲಿ ಊಟ ಹಾಕಿಸಬೇಕೆಂಬುದು ವಿಷಯ.

“ಗುಡ್ಡದ ಬಡಾವಣೆ ಹೋಟೆಲೇ. ಆಗ್ಲೇ ಟೇಬಲ್ ಹೇಳಿಯಾಯ್ತು,” ಎಂದಳು ಅಕ್ಕ.

“ಕೆರೆ ಬಡಾವಣೆಗೆ ಹೋಗೋಣ ಅಂದಿದ್ನಲ್ಲಕ್ಕ. ಅಲ್ಲೂ ದೊಡ್ಡೋರೇ ಬರೋದು.”

“ಗುಡ್ಡ ಅಂದ್ರೆ ನಿನಗ್ಯಾಕೆ ಹೊಟ್ಟೆನೋವು?”

“ಗೊತ್ತಿದ್ದೂ ಕೇಳ್ಬೇಡ. ನಮ್ಮನೆಯವರು ಆ ಹೋಟೆಲ್ ಬಾಗಿಲಲ್ಲೇ ನಿಲ್ಲೋದು.”

“ಮ್ಯಾನೇಜರ್ ಅಂತ ಅಮ್ಮನ ಹತ್ರ ಕೊಚ್ಕೊಂಡಿದ್ಯಲ್ಲ! ಮ್ಯಾನೇಜರ್ ಸಾಹೇಬ್ರು ಕಾರಿನ ಬಾಗಿಲು ತೆಗೀಲಿ, ಅಮ್ಮ ಕಣ್ತುಂಬ ನೋಡ್ಲಿ.”

“ಅದಕ್ಕೇ ಆ ಜಾಗ ಹುಡುಕಿದ್ಯಾ?”

“ಹೂಂ. ಏನೀಗ?”

ತರಕಾರಿಯವಳು ತಲೆ ತಗ್ಗಿಸಿ ಇನ್ನೊಂದು ಕಾಯಿ ಬಿಡಿಸಿದಳು.

ತಂಗಿ ಫೋನನ್ನು ಕಿವಿಗಿಟ್ಟಳು. “ಅಮ್ಮಾ, ನಿನ್ನ ಅಳಿಯ ಮ್ಯಾನೇಜರ್ ಅಲ್ಲ, ಹೋಟೆಲಲ್ಲಿ ಬಾಗಿಲು ಕಾಯ್ತಾರೆ. ನಾನೇ ಸುಳ್ಳು ಹೇಳಿದ್ದೆ.” ಸ್ವಲ್ಪ ಹೊತ್ತು ಕೇಳಿಸಿಕೊಂಡು ಫೋನ್ ಇಟ್ಟಳು.

“ಏನಂದ್ಲು?” ಅಕ್ಕನ ದನಿ ಇಳಿದಿತ್ತು.

“ಅವತ್ತು ಅಳಿಯಂಗೆ ರಜಾ ಸಿಗುತ್ತಾ ಅಂದ್ಲು. ಇನ್ನು ಆ ಗುಡ್ಡ ನೀನೊಬ್ಳೇ ಹತ್ತು.”

ಬಸ್ ಬಂತು. ತಂಗಿ ಹತ್ತಿದಳು. ಅಕ್ಕನೂ ಅದೇ ಬಸ್ಸಿಗೆ ಹೋಗಬೇಕಾದವಳು. ಸೆರಗು ಸರಿಮಾಡಿಕೊಂಡು ನಡೆದೇ ಹೊರಟಳು.