ಹೆಮ್ಮೇಷ್ಟ್ರು

...ಇಲ್ಲ ಇಲ್ಲ, ನೀನು ಬಾಯಿ ತೆರೆಯಬೇಡ. ಮಡಿಲಲ್ಲಿ ಸ್ಲೇಟು ಇದೆಯಲ್ಲ, ಏನು ಹೇಳಬೇಕೋ ಅದರಲ್ಲೇ ಬರಿ. ಗಂಟಲಿನ ಡಾಕ್ಟರು ಏನಂದರು? ಇನ್ನೂ ಒಂದು ವಾರ ಪಿಸುಮಾತೂ ಕೂಡದು ಅಂದರು. ಸೋಮವಾರ ರಿಪೋರ್ಟು ತರೋಕೆ ಹೋದವನು ನಾನೇ ತಾನೆ, ಕಿವಿಯಾರೆ ಕೇಳಿಸಿಕೊಂಡು ಬಂದಿದ್ದೀನಿ. ಮೂವತ್ತು ವರ್ಷ ಪಾಠ ಹೇಳಿದ ಗಂಟಲು ಅದು, ಹುಡುಗಾಟ ಅಲ್ಲ. ನಿನ್ನ ಆರನೇ ಕ್ಲಾಸು ಎಲ್ಲೂ ಓಡಿಹೋಗೋದಿಲ್ಲ. ನಾನಿದ್ದೀನಲ್ಲ ಅಲ್ಲಿ.

ತಾಳು, ಚಪ್ಪಲಿ ಬಿಡ್ತೀನಿ. ಇವತ್ತಿನದು ಹೇಳದೆ ನನಗೆ ನೀರೂ ಇಳಿಯೋದಿಲ್ಲ.

ಸಮಾಸ ಶುರುಮಾಡಿದೆ ಕಣೇ. ಎರಡು ಪದ ಸೇರಿ ಒಂದಾಗೋದು. ಹಿರಿದಾದ ಬಾಗಿಲು ಹೆಬ್ಬಾಗಿಲು, ಹಿರಿದಾದ ಮರ ಹೆಮ್ಮರ. ಈ 'ಹಿರಿದು' ಇದೆಯಲ್ಲ, ಮುಂದೆ ನಿಂತ ಅಕ್ಷರದ ಮುಖ ನೋಡಿ ವೇಷ ಬದಲಿಸುತ್ತೆ, ಒತ್ತು ಮಾತ್ರ ಮರೀಬೇಡಿ ಅಂದೆ. ಅಷ್ಟೇ ನೋಡು. ಕಿಟಕಿ ಪಕ್ಕ ಕೂರ್ತಾಳಲ್ಲ, ಎರಡು ಜಡೆಯವಳು, ಎದ್ದು ನಿಂತು 'ಹೆಬ್ಬಸ್ಸು' ಅಂದಳು. ಹಿರಿದಾದ ಬಸ್ಸು!

ನಗು, ನಗು. ನಗಬೇಡಿ ಅಂತ ಡಾಕ್ಟರು ಹೇಳಿಲ್ಲ. ಸದ್ದಿಲ್ಲದೆ ನಗು, ಅಷ್ಟೇ.

ಹಾಗೆ ತಲೆ ಆಡಿಸಬೇಡ. ಬೇರೆ ಬೇರೆ ನುಡಿಯ ಪದ ಗಂಟುಹಾಕಿದರೆ ಅರಿಸಮಾಸ, ಶತ್ರುಗಳನ್ನ ಒಂದೇ ಬೆಂಚಲ್ಲಿ ಕೂರಿಸಿದ ಹಾಗೆ, ನನಗೂ ಗೊತ್ತು. ಆದರೆ ಒತ್ತು ಸರಿಯಾಗಿತ್ತಲ್ಲೇ! ನಲವತ್ತು ವರ್ಷ ಪ್ರೆಸ್ಸಲ್ಲಿ ಪ್ರೂಫ್ ನೋಡಿದೆ. ದೊಡ್ಡ ದೊಡ್ಡ ಪಂಡಿತರೇ ಹೆಬ್ಬಾಗಿಲಿನ ಒತ್ತು ನುಂಗಿ ಕಳಿಸೋರು. ಹನ್ನೊಂದು ವರ್ಷದ ಹುಡುಗಿ ನುಂಗಲಿಲ್ಲ.

ಆಮೇಲೆ ಕೆಂಪಾದ ತಾವರೆ ಕೆಂದಾವರೆ. ತ ಹೋಗಿ ದ ಬಂತು, ಹಾಗೇ ಪ ಇದ್ದರೆ ಬ ಆಗುತ್ತೆ ಅಂದೆ. ಹಿಂದಿನ ಬೆಂಚಿನ ಉದ್ದನೆಯವನು 'ಕೆಂಬೆನ್ನು' ಅಂತ ಬರೆದ. ಕೆಂಪಾದ ಪೆನ್ನಂತೆ. ಪಕ್ಕದವಳು ಬಿಡಬೇಕಲ್ಲ, 'ಮೇಷ್ಟ್ರೇ, ಅದು ಏಟು ತಿಂದ ಬೆನ್ನು' ಅಂದಳು. ಇಬ್ಬರದೂ ಸರಿ ಅಂದೆ. ನಮ್ಮ ಕಾಲದಲ್ಲಿ ನೋಟುಬುಕ್ಕಲ್ಲಿ ಕೆಂಪು ಪೆನ್ನು ಜಾಸ್ತಿ ಓಡಾಡಿದರೆ ಮನೇಲಿ ಬೆನ್ನೂ ಕೆಂಪಾಗ್ತಿತ್ತು.

ತಾಳು, ಮುಖ್ಯವಾದದ್ದು ಇನ್ನೂ ಇದೆ. ಕೈಕೊಡು ಅಂತ ಬೋರ್ಡಲ್ಲಿ ಬರೆದು ವಾಕ್ಯ ಮಾಡಿ ಅಂದೆ. ಉದ್ದನೆಯವನ ವಾಕ್ಯ ಕೇಳು: 'ತಾತ ಮೆಟ್ಟಿಲಲ್ಲಿ ಬಿದ್ದಾಗ ನಾನು ಕೈಕೊಟ್ಟೆ.' ಪಾಪ, ಎಬ್ಬಿಸೋಕೆ ಕೈ ನೀಡಿದ್ದಾನೆ. ಬರೆದಿರೋದು ನೋಡಿದರೆ ತಾತನನ್ನ ಅಲ್ಲೇ ಬಿಟ್ಟು ಪರಾರಿ! ಆಗ ಬೋರ್ಡಲ್ಲಿ ಎರಡು ಸಲ ಬರೆದೆ. ಒಂದು ಸಲ ನಡುವೆ ಜಾಗ ಬಿಟ್ಟು, ಒಂದು ಸಲ ಅಂಟಿಸಿ. 'ಮಕ್ಕಳೇ, ಬಿಡಿಸಿ ಬರೆದರೆ ಉಪಕಾರ, ಕೂಡಿಸಿ ಬರೆದರೆ ದ್ರೋಹ.' ಮೂವತ್ತೆರಡು ಮಕ್ಕಳು ಒಂದೇ ಸಲ 'ಓ' ಅಂದರು ಕಣೇ. ಆ 'ಓ' ನನ್ನ ಕಿವಿಯಲ್ಲಿ ಇನ್ನೂ ಇದೆ.

ಏನು ಬರೀತಿದ್ದೀಯ? 'ನನ್ನನ್ನು ಕೇಳಿದರಾ?' ಕೇಳದೆ ಇರ್ತಾರಾ. ಎರಡು ಜಡೆಯವಳು ದಿನಾ ಕೇಳ್ತಾಳೆ, ಮಿಸ್ಸು ಯಾವಾಗ ಬರ್ತಾರೆ ಅಂತ. ಹೆಡ್‌ಮಿಸ್ಸೂ ಕೇಳಿದರು. ಇನ್ನೊಂದು ವಾರ ಅಂದೆ. ಡಾಕ್ಟರು ಹೇಳಿದ್ದು ತಾನೆ.

ಗಂಟೆ ಹೊಡೆದ ಮೇಲೂ ಆ ಎರಡು ಜಡೆಯವಳು ಬಾಗಿಲ ಹತ್ತಿರ ನಿಂತೇ ಇದ್ದಳು. 'ಹಿರಿಯರಾದ ಮೇಷ್ಟ್ರು, ಹೆಮ್ಮೇಷ್ಟ್ರು, ಸರೀನಾ?' ಅಂತ ಕೇಳಿ ಓಡಿಹೋದಳು. ಮೆಟ್ಟಿಲಿಳಿಯುವಾಗ ಮೂರು ಕಡೆಯಿಂದ ಹೆಮ್ಮೇಷ್ಟ್ರೇ, ಹೆಮ್ಮೇಷ್ಟ್ರೇ... ಹುಬ್ಬೇರಿಸಬೇಡ, ನೀನು ಹೋದ ದಿನ 'ಹೆಮ್ಮಿಸ್ಸು' ಅಂತಾರೆ. ಹೊಟ್ಟೆಕಿಚ್ಚು ಯಾಕೆ.

ತಗೋ, ಇವತ್ತಿನ ಮುತ್ತುಗಳನ್ನೆಲ್ಲ ಬರೆದಿಟ್ಟುಕೊಂಡಿದ್ದೀನಿ. ಜೇಬಲ್ಲಿ ಸಿಕ್ಕಿದ ಕಾಗದ. ನನ್ನ ಹಳೇ ಚಾಳಿ ಗೊತ್ತಲ್ಲ, ಒಂದು ಮಗ್ಗುಲು ಖಾಲಿಯಿದ್ದರೆ ಬರೆಯದೆ ಬಿಡೋದಿಲ್ಲ. ಓದು. 'ಮೂಗ್ನೀರು' ಸಿಕ್ಕಿತಾ? ಕಣ್ಣ ನೀರು ಕಣ್ಣೀರಾದರೆ ಇದು ಯಾಕಾಗಬಾರದು ಅಂತ ಜಗಳ. ಹ್ಞಾಂ, ನಕ್ಕೆ, ನಕ್ಕೆ...

ಯಾಕೆ, ನಗು ನಿಂತಿತು?

ಯಾಕೆ ತಿರುಗಿಸ್ತೀಯ? ಪಟ್ಟಿ ಈ ಕಡೆ ಇರೋದು. ಆ ಕಡೆ ಏನಿಲ್ಲ. ಯಾವುದೋ ಚೀಟಿ. ಡಾಕ್ಟರ ಕೈಬರಹ, ಯಾರಿಗೆ ಓದೋಕೆ ಬರುತ್ತೆ...

ನಿನಗೆ ಬರುತ್ತೆ. ಮೂವತ್ತು ವರ್ಷ ಆರನೇ ಕ್ಲಾಸಿನ ನೋಟುಬುಕ್ಕು ತಿದ್ದಿದವಳು.

ಹಾಗೆ ನೋಡಬೇಡ. ಸ್ಲೇಟು ಯಾಕೆ ಈಗ? ಸರಿ, ಬರಿ. ಕೊಡು ಇಲ್ಲಿ.

'ಕೈಕೊಟ್ಟಿರಿ.'

ನನ್ನ ಕನ್ನಡಕ ಎಲ್ಲಿ? ಕೈ... ಕೊಟ್ಟಿರಿ... ನಡುವೆ ಒಂದು ಚೂರು ಜಾಗ ಬಿಟ್ಟಿದ್ದೀಯೇನೋ. ಬೆಳಕಿಗೆ ಹಿಡಿದು ನೋಡ್ತೀನಿ.

ಇಲ್ಲ. ಕೂಡಿಸಿಯೇ ಬರೆದಿದ್ದೀಯ.

ನಲವತ್ತು ವರ್ಷ ಊರಿನವರ ತಪ್ಪು ಹುಡುಕಿಕೊಟ್ಟೆ ಕಣೇ. ಪುಸ್ತಕ ಬಂದ ಮೇಲೆ ಒಬ್ಬನಾದರೂ ತಿರುಗಿ ನೋಡಿದನಾ? ಇಲ್ಲಿ ಒಂದು ತಪ್ಪು ತಿದ್ದಿದರೆ ಮೂವತ್ತೆರಡು ಬಾಯಿ 'ಓ' ಅನ್ನುತ್ತೆ. ನಾಳೆ ಶುಕ್ರವಾರ, ತಲೆಗೊಂದು ಹೊಸ ಪದ ಕಟ್ಟಿ ತರ್ತೀವಿ ಅಂದಿದ್ದಾರೆ. ಅದೊಂದು ದಿನ ನಾನು... ಬೇಡ. ನೀನೇ ಹೋಗು. ನಿನ್ನ ಕ್ಲಾಸು.

ಏನಾದರೂ ಅನ್ನು. ಆ ಸ್ಲೇಟು ಕೆಳಗಿಡು, ಬಾಯಿ ತುಂಬ ಬೈಯಿ. ಹೀಗೆ ಸುಮ್ಮನೆ ಕೂತು ನೋಡಬೇಡ, ನನ್ನ ಕೈಲಾಗೋದಿಲ್ಲ. ಬೈಯಬಹುದು ಕಣೇ ನೀನು...

ಸೋಮವಾರದಿಂದಲೇ ಬೈಯಬಹುದಿತ್ತು.