ಅರವತ್ತೊಂದನೇ ಗೊಂಬಿ

ಕರೆಂಟ್ ಬರೂತನಾ ಮಗ್ಗ ನಡಿಯೂದಿಲ್ಲ. ಕುಂಡ್ರ್ರಿ, ಹೇಳ್ತೀನಿ. ಆದ್ರ ನಡುವ ಯಾರೂ ನಗಬ್ಯಾಡ್ರಿ. ಇದು ನಮ್ಮ ಕಾಕಾನ ಮಗ ಪ್ರಭುಲಿಂಗಗ ಆದದ್ದು. ಅಂವ ಇನ್ನೂ ಬನಹಟ್ಟ್ಯಾಗ ಅದಾನ. ಬೇಕಂದ್ರ ನಾಳೆ ಹೋಗಿ ಕೇಳ್ರಿ.

ಹೋದ ವರ್ಷ ಆಷಾಢದಾಗ ಅಂವ ಚಿಮ್ಮಡಕ್ಕ ಬೀಗರ ಮನಿಗೆ ಹೋಗಿದ್ದ. ಊಟ ಆತು, ಮಾತು ಆತು, ಕಡೀ ಬಸ್ ಹೋತು. ನಡಕೋತ ಹೊಂಟ. ಮ್ಯಾಲೆ ಮೋಡ. ಎರಡೂ ಕಡೆ ಕಬ್ಬು. ನಡುವ ಒಂದು ಹಳೇ ಬಾವಿ ಐತಿ, ಬಾವಿ ದಂಡಿಗೆ ಆಲದ ಮರ.

ಬಾವಿ ಹತ್ರ ಬಂದಾಗ ಸಪ್ಪಳ ಆತು.

ಟಿಕ್.

ಹಗ್ಗದ್ದಲ್ಲ, ಟೊಂಗಿದ್ದಲ್ಲ. ಕಬ್ಬಿಣದಾಗ ಕಬ್ಬಿಣ ಹೋಗಿ ಕುಂತಂಗ... ಸಣ್ಣದು, ಒಣಾದು. ಪ್ರಭುಲಿಂಗ ನಿಂತ. ಸಪ್ಪಳನೂ ನಿಂತಿತು. ಎರಡು ಹೆಜ್ಜಿ ಇಟ್ಟ. ಟಿಕ್. ಮತ್ತ ಎರಡು ಹೆಜ್ಜಿ. ಟಿಕ್.

ಅದೇನಂತ ಗೊತ್ತಿರದಿದ್ರ ಅಂವ ಅಂಜತಿರಲಿಲ್ಲ. ಗೊತ್ತಿತ್ತು. ವಿಮಾನದ ಸೀಟಿನ ಪಟ್ಟಿ ಹಾಕೂ ಸಪ್ಪಳ ಅದು.

ಆಮ್ಯಾಲೆ ಆಲದ ಬುಡದಾಗ ಯಾರೋ ಪಿಸುದನಿಯಿಂದ ಎಣಸಾಕತ್ರು.

"ಐವತ್ತೆಂಟ... ಐವತ್ತೊಂಬತ್ತ... ಅರವತ್ತ..."

ಅಲ್ಲಿಗೆ ತಡೀತು. ಬಾವ್ಯಾಗ ವಟಗುಟ್ಟೂ ಕಪ್ಪಿಗಳೂ ಸುಮ್ಮನಾದವು.

"ಮುಂದಿಂದು ನೀ ಹೇಳೋ, ತಮ್ಮಾ."

ಮುದುಕಿ ದನಿ. ಪ್ರಭುಲಿಂಗ ಹಿಂದ ನೋಡಲಿಲ್ಲ. ಓಡಿದ. ಬನಹಟ್ಟಿ ದೀಪ ಕಾಣೂತನಾ ಓಡಿದ.

ಮಗ್ಗದ ಮನಿಯವಗ ವಿಮಾನದ ಪಟ್ಟಿ ಹೆಂಗ ಗೊತ್ತು ಅಂತೀರಿ. ಅದನ್ನೂ ಹೇಳ್ತೀನಿ.

ಅದಕ್ಕೂ ಆರು ತಿಂಗಳ ಮೊದಲ, ಸಂಕ್ರಾಂತಿ ಹೊತ್ತಿಗೆ, ಒಂದು ಟಿ.ವಿ. ಕಂಪನಿಯವರು ಬಂದಿದ್ರು. ಹೊರದೇಶದವರು. ವಿಮಾನ ಬಿದ್ದಾಗ ಒಳಗಿದ್ದವರಿಗೆ ಏನಾಗತೈತಿ, ಮುಂದ ಕುಂತವ ಉಳಿತಾನೋ ಹಿಂದ ಕುಂತವ ಉಳಿತಾನೋ, ಅದನ್ನ ಖರೇನ ಕೆಡವಿ ತೋರಸೂದು. ಹಳೇ ಪ್ಯಾಸೆಂಜರ್ ವಿಮಾನ ಕೊಂಡಿದ್ರು. ಪೈಲಟ್ ಮ್ಯಾಲೆ ಒಯ್ದು ಛತ್ರಿ ಕಟಗೊಂಡು ಜಿಗಿಯಾಂವ. ಆಮ್ಯಾಲೆ ಹಿಂದ ಹಿಂದ ಬರೂ ಸಣ್ಣ ವಿಮಾನದಾಗ ಕುಂತವರು ರಿಮೋಟಿನಿಂದ ಅದನ್ನ ನೆಲಕ್ಕ ಹೊಡಿಯೂದು. ಜಾಗಾ ಅಂದ್ರ ಸಾವಳಗಿ ಆಚೆ ಇರೂ ಮಡ್ಡಿ. ಬರೀ ಕಲ್ಲು, ಹುಲ್ಲು. ಮನಿ ಇಲ್ಲ, ಮಠ ಇಲ್ಲ.

ಸೀಟಿನಾಗ ಕುಂಡ್ರಸಾಕ ಗೊಂಬಿ ಬೇಕಲ್ಲ? ತಂತಿ ಹಚ್ಚಿದ ತುಟ್ಟಿ ಗೊಂಬಿ ಅವರೇ ತಂದಿದ್ರು, ಹತ್ತೋ ಹನ್ನೆರಡೋ. ಉಳಿದದ್ದಕ್ಕ ನಮ್ಮ ಪ್ರಭುಲಿಂಗನ ಹಿಡದ್ರು. ಅಂವ, ಅವನ ಹೆಂಡ್ತಿ ಉಜ್ವಲಾ, ಇಬ್ಬರೂ ಕೂಡಿ ಮಗ್ಗದ ಹಾಳ ನೂಲು ತುಂಬಿ ಅರವತ್ತು ಗೊಂಬಿ ಹೊಲದ್ರು. ಹಳೇ ಸೀರಿ ಉಡಿಸಿದ್ರು, ಧೋತರ ಉಡಿಸಿದ್ರು. ವಿಮಾನ ನಿಂತಲ್ಲಿಗೆ ಹೋಗಿ ಒಂದೊಂದಕ್ಕೂ ಪಟ್ಟಿ ಹಾಕಿದಾಂವ ಪ್ರಭುಲಿಂಗನೇ. ಟಿಕ್. ಟಿಕ್. ಅರವತ್ತು ಸರತಿ.

ಇಲ್ಲಿಯ ವ್ಯವಸ್ಥಾ ಎಲ್ಲಾ ಜಮಖಂಡಿ ಚಿದಾನಂದ ಸಾವಕಾರಂದು. ಮಡ್ಡಿ ಅವರದೇ. ಜನ, ದನ, ಕುರಿ ಎಲ್ಲಾ ತೆಗಸಿ, 'ಯಾರೂ ಇಲ್ಲ' ಅಂತ ಸಹಿ ಮಾಡಿ ಕೊಡೂದು ಅವರ ಕೆಲಸ. ಹಿಂದಿನ ದಿನ ಸಂಜಿಗೆ ಜೀಪಿನ್ಯಾಗ ಸುತ್ತಾಕ ಹೋದ್ರು. ಪ್ರಭುಲಿಂಗನೂ ಕೂಡಿದ್ದ.

ಮಡ್ಡಿ ಅಂಚಿಗೆ ಒಂದು ಜೋಪಡಿ. ಕುರಿ ಕಾಯೂ ಸಾತವ್ವ. ಎಪ್ಪತ್ತರ ಮ್ಯಾಲಿನ ವಯಸ್ಸು, ಒಬ್ಬಾಕಿ. ಆಕಿ ಕುರಿ ಹಿಂಡು ಮೊದಲೇ ಬ್ಯಾರೆ ಕುರುಬರ ಕೂಡ ಬೀಳಗಿ ಕಡೆ ಹೋಗಿತ್ತು. ಒಂದು ಕುರಿ ಅಷ್ಟ ಉಳದಿತ್ತು.

"ಈಯಾಕತ್ತೈತ್ರೀ ಸಾವಕಾರ್ರ," ಅಂದ್ಳು. "ಮರಿ ಅಡ್ಡ ಬಿದ್ದೈತಿ. ಇವತ್ತೊಂದು ರಾತ್ರಿ ಬಿಡ್ರಿ. ಹೊತ್ತು ಏರೂದರಾಗ ಹೋಗ್ತೀನಿ."

"ಒಂಬತ್ತಕ್ಕ ವಿಮಾನ ಬರತೈತಿ, ಮುದುಕಿ."

"ಎಂಟಕ್ಕ ಇರೂದಿಲ್ರಿ ನಾ. ದೇವರಾಣಿ."

ಸಾವಕಾರ ಜೀಪಿನ್ಯಾಗ ಕುಂತು ಕಾಗದಕ್ಕ ಸಹಿ ಹಾಕಿದ. ಯಾರೂ ಇಲ್ಲ.

ಮುಂಜಾನೆ ಗಾಳಿ ತಿರಗತೈತಿ ಅಂತ ಕಂಪನಿಯವರು ಎರಡು ತಾಸು ಮೊದಲ ಮಾಡಿದ್ರು. ಏಳಕ್ಕ ಬಿಡ್ತೀವಿ ಅಂದ್ರು. ಪ್ರಭುಲಿಂಗ ಓಡಿ ಹೋಗಿ ಕೇಳಿದ, "ಸಾವಕಾರ್ರ, ಆಯಿ ಹೋದ್ಳೇನ್ರಿ?"

"ನೋಡೇ ಬಂದೀನಿ. ಹೋಗ್ಯಾಳ."

ನೋಡಿರಲಿಲ್ಲ.

ಗೊಂಯ್ ಅನಕೋತ ಬಂತು. ಮೂಗು ಕೆಳಗ ಆತು. ಬಡದಾಗ ಸಿಡ್ಲು ಹೊಡದಂಗ ಆಗಲಿಲ್ಲ ಅಂತಾನ ಪ್ರಭುಲಿಂಗ. ಸಾವಿರ ತಗಡು ಒಮ್ಮೆ ಹರದಂಗ... ಉದ್ದಕ ಹರದಂಗ. ಮೂರು ತುಂಡಾತು. ಮುಂದಿನ ತುಂಡು ಜರಕೋತ ಹೋತು, ಹೋತು... ಜೋಪಡಿ ಮ್ಯಾಲೆ ಹೋಗಿ ನಿಂತಿತು. ಕಂಪನಿಯವರು ಚಪ್ಪಾಳಿ ಹೊಡದ್ರು. ಅವರಿಗೆ ಅದು ಜೋಪಡಿ ಅಂತನೂ ಗೊತ್ತಿರಲಿಲ್ಲ.

ಹೊತ್ತು ಮುಳಗೂ ಮುಂದ ಸಾವಕಾರ, ಪ್ರಭುಲಿಂಗ ಇಬ್ಬರೇ ಹೋದ್ರು. ತಗಡಿನ ಬುಡಕ ಸಾತವ್ವ. ಸಾವಕಾರ ಮೂಗಿಗೆ ಕೈ ಹಿಡದ. "ಹೋಗ್ಯಾಳ," ಅಂದ. ಪ್ರಭುಲಿಂಗ ನೋಡಲಿಲ್ಲ. ಮಾರಿ ತಿರಗಿಸಿ ನಿಂತಿದ್ದ.

"ಬಾಯಿ ಬಿಟ್ಟೀಯಂದ್ರ ಜೇಲಿಗೆ ಮೊದಲ ನೀ ಹೋಗ್ತೀ," ಅಂದ ಸಾವಕಾರ. "ಗೊಂಬಿದೊಂದು ಸೀರಿ ತಾ."

ಹರದ ನೂಲಿನ ಗೊಂಬಿ ಅರವತ್ತೂ ತಗ್ಗಿನ್ಯಾಗ ಹಾಕಿ ಸುಡೂದಿತ್ತು. ಉಜ್ವಲಾ ಕೊಟ್ಟ ಹಳದಿ ಸೀರಿ ಸುತ್ತಿ, ಗೊಂಬಿ ನಡುವ ಆಕಿನ್ನೂ ಒಗದ್ರು. ದೂರ ನಿಂತ ಕಂಪನಿಯವನೊಬ್ಬ ಒಗದಂಗ ಒಗದಂಗ ಗೀಟು ಹಾಕಾಕತ್ತಿದ್ದ. ಕಡೀಕ ಹಾಳಿ ನೋಡಿ ಕೇಳಿದ, ಅರವತ್ತೊಂದು ಹೆಂಗಾತು?

"ತಪ್ಪಿ ಎಣಸೀರಿ, ಸಾಹೇಬ್ರ. ಅರವತ್ತ," ಅಂದ ಸಾವಕಾರ.

ಅಂವ ಒಂದು ಗೀಟು ಹೊಡದು ಹಾಕಿದ.

ಎಂಟು ದಿನಕ್ಕ ಸಾತವ್ವನ ಮಗಳು ನಂದಾ ಬಂದ್ಳು. ಲೋಕಾಪುರಕ್ಕ ಕೊಟ್ಟಾರ ಆಕಿನ್ನ. ಸಾವಕಾರನ ಬಾಗಿಲಿಗೆ ನಿಂತು ಕೇಳಿದ್ರ, "ಕುರಿ ಹಿಂದ ಬೀಳಗಿ ಕಡೆ ಹೋದ್ಳಲ್ಲಬೇ," ಅಂದ. ಪಾಪ, ನಂದಾ ಹೊಳಿ ದಂಡಿಗುಂಟ ಹಟ್ಟಿ ಹಟ್ಟಿ ತಿರಗಿದ್ಳು. ಆರು ತಿಂಗಳು.

ಇಷ್ಟು ಆದ ಮ್ಯಾಲೆ ಚಿಮ್ಮಡದ ದಾರ್ಯಾಗ ಆ ದನಿ ಕೇಳಿದ್ದು. ಮರುದಿನ ಪ್ರಭುಲಿಂಗ ಸಾವಕಾರನ ಹತ್ರ ಹೋದ.

"ಸಾತವ್ವ ಎಣಸಾಕತ್ತಾಳ್ರೀ. ಹೇಳೂಣ್ರಿ ನಂದಾಗ."

"ಸತ್ತಾವರು ಎಣಸ್ತಾರೇನಲೇ? ಬಾಯಿ ಮುಚಗೊಂಡು ಹೋಗ. ಐತವಾರ ನಮ್ಮ ಮನ್ಯಾಗ ಎಲ್ಲಾರೂ ಕೂಡಿ ಟಿ.ವಿ.ಯಾಗ ಆ ವಿಮಾನದ ಪಿಕ್ಚರ್ ನೋಡೂದೈತಿ. ಹೆಂಡ್ತಿ ಕರಕೊಂಡು ಬಾ."

ಇಲ್ಲಿಂದ ಮುಂದಿಂದು ನಾ ಕಣ್ಣಾರೆ ಕಂಡದ್ದು. ನಂದು ಬಟ್ಟಿ ಗಂಟು ಹೇರೂ ಟೆಂಪೊ ಐತಲ್ಲ, ಅದರಾಗ ಅವರಿಬ್ಬರನ್ನ ಜಮಖಂಡಿಗೆ ಕರಕೊಂಡು ಹೋದಾಂವ ನಾನೇ. ದೊಡ್ಡ ಹಾಲ್, ಗ್ವಾಡಿ ತುಂಬ ಟಿ.ವಿ., ಮೂವತ್ತು ಮಂದಿ, ಅವಲಕ್ಕಿ, ಚಹಾ. ಸಾವಕಾರ ನಡುವ ಕುರ್ಚಿ ಹಾಕ್ಕೊಂಡು ಕುಂತಿದ್ದ.

ವಿಮಾನ ಏರಿತು. ಪೈಲಟ್ ಜಿಗದ. ಒಳಗಿನ ಕ್ಯಾಮೆರಾ ತೋರಿಸಿದ್ರು. ಸಾಲಾಗಿ ಗೊಂಬಿ, ತಲಿ ಅಲಗಾಡಾಕತ್ತಾವ.

ಯಾರೋ ಅಂದ್ರು, "ಓ ಪ್ರಭುಲಿಂಗ, ಹಿಂದ ಆ ಕುರಿಮರಿ ಹಿಡಕೊಂಡ ಗೊಂಬಿ ಛಲೋ ಮಾಡೀರೋ!"

ನೋಡಿದೆ. ಕಡೀ ಸಾಲಿನ್ಯಾಗ, ಕಿಟಕಿ ಬಾಜೂಕ. ಹಳದಿ ಸೀರಿ. ತೊಡಿ ಮ್ಯಾಲೆ ಇನ್ನೂ ಹಸಿ ಆರದ ಮರಿ.

ಉಜ್ವಲಾ ನನ್ನ ಕಿವ್ಯಾಗ ಅಂದ್ಳು, "ಮುತ್ತಣ್ಣಾ... ನಾ ಹೊಲಿದದ್ದಲ್ಲ ಅದು."

ವಿಮಾನ ಕೆಳಗ ಬರಾಕತ್ತಿತು. ಎಲ್ಲಾ ಗೊಂಬಿ ಮುಂದ ಬಾಗಿದವು. ಅದೊಂದು ಬಾಗಲಿಲ್ಲ. ಸಾವಕಾಶ ತಲಿ ಎತ್ತಿತು... ಹಾಲ್ ತುಂಬ ಮಂದಿ ಇದ್ರೂ ಒಬ್ಬನ್ನ ಅಷ್ಟ ನೋಡಿತು.

ಕರೆಂಟ್ ಹೋತು.

ಕತ್ತಲದಾಗ ಸಾವಕಾರನ ಕುರ್ಚಿ ಹತ್ರ ಒಂದು ಸಪ್ಪಳ.

ಟಿಕ್.

ಕರೆಂಟ್ ಬಂದಾಗ ಸಾವಕಾರ ಎರಡೂ ಕೈಯಿಂದ ಹೊಟ್ಟಿ ಮ್ಯಾಲೆ ಏನೋ ಕೀಳಾಕತ್ತಿದ್ದ. ಏನೂ ಇರಲಿಲ್ಲ ಅಲ್ಲಿ. "ಬಿಚ್ಚ್ರಿ," ಅಂತಿದ್ದ. "ಬಿಚ್ಚ್ರೀ ಇದನ್ನ... ಯಾರರೆ ಬಿಚ್ಚ್ರೀ..." ಉಗುರಿನಿಂದ ಅಂಗಿ ಹರದು ರಕ್ತ ಬಂದಿತ್ತು. ನಾಕು ಮಂದಿ ಹಿಡದು ನೀರು ಕುಡಿಸಿ, ಒಳಗ ಮಲಗಿಸಿ, ಹೊರಗಿಂದ ಚಿಲಕಾ ಹಾಕಿದ್ರು.

ಹೊಳ್ಳಿ ಬರೂ ದಾರ್ಯಾಗ ಪ್ರಭುಲಿಂಗ ಟೆಂಪೊದಾಗ ಎಲ್ಲಾ ಹೇಳಿದ. ಅವತ್ತೇ ಮೊದಲ ನನಗ ಗೊತ್ತಾಗಿದ್ದು. ಉಜ್ವಲಾ ಗಂಡನ್ನ ಮುಟ್ಟಲಿಲ್ಲ, ಬೈಲಿಲ್ಲ. "ಗಾಡಿ ತಿರಗಸ್ರಿ ಮುತ್ತಣ್ಣಾ," ಅಂದ್ಳು. "ಲೋಕಾಪುರಕ್ಕ."

ನಂದಾ ಬಾಗಿಲಾಗ ನಿಂತು ಕೇಳಿದ್ಳು. ಅಳಲಿಲ್ಲ. ಎಲ್ಲಾ ಮುಗದ ಮ್ಯಾಲೆ ಒಂದ ಮಾತು ಕೇಳಿದ್ಳು.

"ಜೀವ ಹೋದ ಮ್ಯಾಲೆ ಸುಟ್ರ್ಯೋ... ಇನ್ನೂ ಇತ್ತೋ?"

ಪ್ರಭುಲಿಂಗ ತಲಿ ಎತ್ತಲಿಲ್ಲ. "ನಾ ನೋಡಲಿಲ್ಲವ್ವಾ."

"ನೋಡಬೇಕಿತ್ತಲ್ಲೋ," ಅಂದ್ಳು. ಅಷ್ಟ. ಆ ಮಾತಿಗೆ ಅಂವ ಈಗೂ ನಿದ್ದಿಯಾಗ ಎದ್ದು ಕುಂಡ್ರತಾನ.

ರಾತ್ರಿಯೆಲ್ಲಾ ಮಳಿ. ಬೆಳಗಾಗೂತ್ಲೇ ಪೊಲೀಸರನ್ನ ಕರಕೊಂಡು ಮಡ್ಡಿಗೆ ಹೋದ್ವಿ. ಮಡ್ಡಿ ಸುತ್ತ ಎರೀ ಮಣ್ಣು, ಗಾಲಿಗೆ ಅಂಟಿ ಟೆಂಪೊ ಮುಂದ ಹೋಗಲಿಲ್ಲ. ಇಳದು ನಡದ್ವಿ. ಒಬ್ಬೊಬ್ಬರ ಕಾಲಿಗೆ ಸೇರು ಸೇರು ಕೆಸರು.

ವಿಮಾನದ ತಗಡು ಎಲ್ಲಾ ಗುಜರಿಯವರು ಒಯ್ದಿದ್ರು. ಮೂರು ಸೀಟಿನ ಒಂದು ಸಾಲು ಅಷ್ಟ, ಸುಟ್ಟ ತಗ್ಗಿನ ದಂಡಿಗೆ ಉಳದಿತ್ತು. ಅದರಾಗ ನಡುವಿನ ಸೀಟಿನ್ಯಾಗ ಯಾರೋ ಕುಂತಿದ್ರು.

ಚಿದಾನಂದ ಸಾವಕಾರ.

ಪಟ್ಟಿ ಬಿಗಿದಿತ್ತು. ಬಾಯಿ ತೆರದಿತ್ತು. ಎರಡೂ ಮೊಣಕಾಲು ಮುರದಿದ್ದವು, ಎದಿ ಗೂಡು ಒಳಗ ಹೋಗಿತ್ತು. ಸೀಟಿಗೆ ಹೊಸಾದೊಂದು ಗೀರೂ ಬಿದ್ದಿರಲಿಲ್ಲ. ಭಾಳ ಎತ್ತರದಿಂದ ಬಿದ್ದಾನ ಅಂತ ಆಮ್ಯಾಲೆ ಡಾಕ್ಟರ್ ಬರದ್ರು. ಎಲ್ಲಿಂದ ಬೀಳತಾನ್ರಿ? ಆ ಮಡ್ಡಿ ಮ್ಯಾಲೆ ಆಳೆತ್ತರದ ಗಿಡಾ ಇಲ್ಲ.

ಪೊಲೀಸರು ಪಟ್ಟಿ ಬಿಚ್ಚಾಕ ಹೋದ್ರು. ನಂದಾ ಅಡ್ಡ ನಿಂತ್ಳು.

"ಇರಲಿ ಕುಂತಿರಲಿ," ಅಂದ್ಳು. "ಮೊದಲ ನಮ್ಮವ್ವನ್ನ ತಗೀರಿ."

ಪ್ರಭುಲಿಂಗ ತಗ್ಗಿಗೆ ಇಳದು ಕೈಯಿಂದ ಬೂದಿ ಕೆದರಿದ. ನೂಲು ಸುಟ್ಟು ಗಡ್ಡಿ ಗಡ್ಡಿ ಆಗಿತ್ತು. ಹೊತ್ತು ನೆತ್ತಿಗೆ ಬಂದಾಗ ಬೆಳ್ಳಿ ಕಡಗ ಸಿಕ್ಕವು, ಎರಡು. ಆಮ್ಯಾಲೆ ಎಲುಬು. ನಂದಾ ಸೆರಗಿನ್ಯಾಗ ಒಂದೊಂದ ಹಾಕ್ಕೊಂಡ್ಳು. ಎಲ್ಲಾ ಆತು ಅಂದ ಮ್ಯಾಲೆ ಎದ್ದು ಸೀಟಿನ ಮುಂದ ಹೋಗಿ ನಿಂತ್ಳು, ಅವನ ಮಾರಿ ಹಂಗೇ ನೋಡಿದ್ಳು, ಭಾಳೊತ್ತು. "ಸಾಕವ್ವಾ," ಅಂದ್ಳು. ಅವನಿಗಲ್ಲ.

ಪ್ರಭುಲಿಂಗನ ಮ್ಯಾಲೆ ಕೇಸ್ ಆತು. ಈಗ ಜಾಮೀನಿನ ಮ್ಯಾಲೆ ಅದಾನ. ತಪ್ಪು ಒಪ್ಪಿಕೊಂಡಾನ, ಶಿಕ್ಷಾ ಆದ್ರ ಆಗಲಿ ಅಂತಾನ. ಆ ಸಪ್ಪಳ ಮತ್ತ ಕೇಳಿಲ್ಲಂತ. ಚಿಮ್ಮಡದ ದಾರಿಗೆ ಮಾತ್ರ ಅಂವ ಹೋಗೂದಿಲ್ಲ.

ಸಾವಕಾರನ್ನ ರಾತ್ರೋರಾತ್ರಿ ಯಾರೋ ಒಯ್ದು ಕೊಂದ್ರು ಅಂತಾರ ಜಮಖಂಡಿ ಮಂದಿ. ಹೊರಗಿನ ಚಿಲಕಾ ಹಾಕಿದ್ದು ಹಾಕಿದಂಗ ಇತ್ತು, ಅದನ್ನ ಬಿಡ್ರಿ. ಚಿಲಕಾ ಯಾರರೆ ತಗದು ಹಾಕಬಹುದು. ಆದ್ರ ಹೆಣ ಎತ್ತುವಾಗ ಕಾಲು ಹಿಡದಾಂವ ನಾನು. ಬರಿಗಾಲು. ಜಮಖಂಡಿಯಿಂದ ಇಪ್ಪತ್ತು ಕಿಲೋಮೀಟರ್ ದೂರ, ಇಡೀ ರಾತ್ರಿ ಮಳಿ, ಸುತ್ತೆಲ್ಲಾ ಎರೀ ಮಣ್ಣು. ಅಂಗಾಲು ಎರಡೂ ಒಣಾ ಇದ್ದವು. ಒಂದು ಕಣ ಮಣ್ಣಿರಲಿಲ್ಲ. ಈ ಕೈಯಿಂದ ಮುಟ್ಟಿ ನೋಡೀನಿ... ಬೆಚ್ಚಗಿದ್ದವು.