ಒಂಬತ್ತು ಮಿಲಿಮೀಟರ್

ಸ್ಕ್ಯಾನಿಂಗ್ ಕೋಣೆಯ ಹೊರಗೆ ಸರದಿ ಕಾಯುತ್ತಿದ್ದ ದರ್ಜಿಗೆ ಪಕ್ಕದವರ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ನರ್ಸ್ ಉಡುಪಿನ ಮಗಳು ತಾಯಿಯ ರಿಪೋರ್ಟ್ ಓದುತ್ತಿದ್ದಳು.

"ಮೂರು ತಿಂಗಳ ಹಿಂದೆ ಕಿಡ್ನಿ ಕಲ್ಲು ಒಂಬತ್ತು ಮಿಲಿಮೀಟರ್. ಈಗಲೂ ಒಂಬತ್ತೇ ಅಮ್ಮಾ."

"ಕಷಾಯ ಒಂದು ದಿನವೂ ತಪ್ಪಿಸಿಲ್ಲ ನಾನು."

"ಅದರಿಂದ ಕರಗಿಲ್ಲ ಅಂತಾಯ್ತಲ್ಲ."

"ಮೂವತ್ತು ವರ್ಷದಿಂದ ಊರಿಗೆಲ್ಲ ಕೊಟ್ಟಿದೀನಿ. ಎಷ್ಟು ಜನಕ್ಕೆ ಬಿದ್ದುಹೋಯ್ತು!"

"ಅವು ಸಣ್ಣ ಕಲ್ಲು. ಬರೀ ನೀರು ಕುಡಿದಿದ್ರೂ ಬೀಳ್ತಿದ್ವೇನೋ. ಯಾರು ಅಳೆದು ನೋಡಿದ್ರು?"

"ನಾನು ನೋಡಿದ್ನಲ್ಲ! ನನ್ನ ಮೈಮೇಲೇ ಅಳತೆ ಹಾಕಿಸ್ದೆ. ನಿಮ್ಮ ದೊಡ್ಡ ಡಾಕ್ಟರು ಮಾಡ್ತಾರಾ ಹಾಗೆ?"

ಮಗಳ ದನಿ ಮೆತ್ತಗಾಯಿತು. "ಕಷಾಯದಿಂದ ಕಲ್ಲು ಕರಗಲ್ಲ ಅಂತ ಜನಕ್ಕೆ ನಾನು ಹೇಳ್ತೀನಿ ಬಿಡು. ನಿಂಗ್ಯಾಕೆ ಮುಜುಗರ?"

"ನೀನ್ಯಾಕೆ? ಕೊಟ್ಟವಳು ನಾನು, ಹೇಳೋಳೂ ನಾನೇ. ನಗೋರು ನಗಲಿ."

"ಮೊದಲು ನಿನ್ನ ಆಪರೇಷನ್‌ಗೆ ದಿನ ಗೊತ್ತು ಮಾಡೋಣ."

"ಅದನ್ನ ನಾಳೆ ಮಾಡಿದ್ರಾಯ್ತು. ನಮ್ಮೂರ ಬಸ್ ಡ್ರೈವರ್ ಹಲ್ಲು ಕಚ್ಚಿ ಕಲ್ಲಿನ ನೋವು ತಡ್ಕೊಂಡು, ನನ್ನ ಕಷಾಯ ನಂಬಿ ಕೂತಿದಾನೆ. ಮೊದಲು ಅವನ ಮನೆಗೆ ನಡಿ."

ದರ್ಜಿ ಕಾಲು ಮಡಚಿ ದಾರಿ ಬಿಟ್ಟ. ತಾಯಿ ಸೊಂಟ ಒತ್ತಿ ಹಿಡಿದೇ ದಾಪುಗಾಲು ಹಾಕಿದಳು. ಮಗಳು ಹಿಂದೆ ಓಡಿದಳು.